ದಪ್ಪ ಗೆರೆ, ಸಣ್ಣ ಗೆರೆ

ಠಾಣೆಯಲ್ಲಿ ಸಾಹೇಬರು ಅರ್ಜಿಯನ್ನು ಎರಡು ಸಲ ಓದಿದರು.
"ಓಡೋದು ಸರಿ. ಅಟ್ಟಿಸ್ಕೊಂಡು ಬರೋರು ಯಾರು?"
ಯಾರೂ ಇಲ್ಲ ಸಾರ್. ಕೈಲೊಂದು ನಕ್ಷೆ, ಒಂದು ದಿಕ್ಸೂಚಿ,
ಹದಿನೆಂಟು ಬಾವುಟ ಹುಡುಕಿ ವಾಪಸ್ ಬರಬೇಕು, ಅಷ್ಟೆ.
"ಗಾಂಧಿ ಬಜಾರಿನಲ್ಲಿ ದಾರಿಗೆ ನಕ್ಷೆ ಬೇಕೇನ್ರೀ,
ಮೂಗು ಸಾಲದೆ?"
ನಗದೆಯೇ ಮೊಹರು ಒತ್ತಿದರು.
ಭಾನುವಾರ, ಆರರಿಂದ ಒಂಬತ್ತು. ಷರತ್ತು ಹನ್ನೊಂದು.

ಮೂರು ತಿಂಗಳು ಈ ಪೇಟೆಯನ್ನು ಹೆಜ್ಜೆಯಲ್ಲಿ ಅಳೆದಿದ್ದೆ.
ನೂರು ಮೀಟರಿಗೆ ನನ್ನ ಹೆಜ್ಜೆ ನೂರಾ ಮೂವತ್ತೆರಡು,
ಮೊಣಕಾಲು ನೋವಿದ್ದ ದಿನ ನೂರಾ ನಲವತ್ತು.
ಹಾಗಾಗಿ ಮೊದಲ ಕರಡಿನಲ್ಲಿ ಉಪ್ಪಾರ ಕೇರಿ
ಇರಬೇಕಾದ್ದಕ್ಕಿಂತ ಚೂರು ಉದ್ದವಿತ್ತು.
ಕಾಫಿಪುಡಿ ಅಂಗಡಿಗೆ ಪಾವಟಿಗೆ ಐದು.
ಪಾತ್ರೆ ಅಂಗಡಿ ಹಿಂದೆ ಮುಚ್ಚಿದ ಬಾವಿ, ಮೇಲೊಂದು ಜನರೇಟರು.
ಅಕ್ಕಸಾಲಿಗರ ಸಾಲಿನಲ್ಲಿ ಒಬ್ಬರೇ,
ಅದೂ ಓರೆಯಾಗಿ, ನುಸುಳಬಹುದಾದ ಸಂದಿ.

ನಕ್ಷೆಯ ಭಾಷೆಯಲ್ಲಿ ಗೋಡೆಗೆ ಎರಡೇ ಜಾತಿ.
ಸಣ್ಣ ಗೆರೆ: ಹತ್ತಿ ದಾಟಬಹುದು.
ದಪ್ಪ ಗೆರೆ: ದಾಟಿದರೆ ಆಟದಿಂದ ಹೊರಗೆ.
ಯಾರು ಕಟ್ಟಿದರು, ಯಾಕೆ,
ಅದಕ್ಕೆ ಚಿಹ್ನೆ ಇಲ್ಲ.

ಎರಡು ಕೇರಿಗಳ ನಡುವಿನ ಆ ಕಬ್ಬಿಣದ ಗೇಟು
ಗಲಾಟೆಯ ವರ್ಷ ಹಾಕಿದ್ದು.
ಯಾವ ಗಲಾಟೆ ಅಂದರೆ ಈ ಕಡೆಯವರು ಒಂದು ಹೇಳುತ್ತಾರೆ,
ಆ ಕಡೆಯವರು ಇನ್ನೊಂದು.
ಕೀಲಿಕೈ ಯಾರ ಹತ್ತಿರ ಅನ್ನುವುದು ಮಾತ್ರ ಇಬ್ಬರಿಗೂ ಗೊತ್ತಿಲ್ಲ.
ಬೀಗಕ್ಕೆ ಎಣ್ಣೆ ಬಿಟ್ಟ ಗುರುತಿತ್ತು.
ನೋಡಿದೆ. ನೋಡಿಯೂ ದಪ್ಪ ಗೆರೆಯನ್ನೇ ಎಳೆದೆ.
ಏಳನೆಯ ಬಾವುಟ ಈಚೆ, ಎಂಟನೆಯದು ಆಚೆ:
ಕಾಗದದ ಮೇಲೆ ಹೆಬ್ಬೆರಳಿನ ಅಗಲ,
ಕಾಲಿಗೆ ಆರುನೂರು ಮೀಟರು.
ತಪಾಸಣೆಗೆ ಬಂದ ಇಗ್ನೇಷಿಯಸ್ ತಲೆದೂಗಿದರು:
"ಭೇಷ್. ಬುದ್ಧಿ ಇದ್ದವನು ಸುತ್ತಿ ಹೋಗ್ತಾನೆ."

ಭಾನುವಾರ ಐದಕ್ಕೆ ತಿಪ್ಪೇಶಿಯ ಟಿವಿಎಸ್ ಮೇಲೆ ಬಾವುಟ ಹೊರಟವು.
ಹೂವಿನ ಗಂಗಮಾಳಮ್ಮ ಮೂರನೆಯದನ್ನು ಕಿತ್ತು
ಎರಡು ಮಾರು ಆಚೆ ನೆಟ್ಟಳು.
"ನನ್ನ ಬುಟ್ಟಿ ಜಾಗಕ್ಕೆ ಯಾವ ಪಾರ್ಟಿಯೋರು ಇದು ಹಾಕಿದ್ದು?"
ನಿವೃತ್ತ ಪೋಸ್ಟ್‌ಮ್ಯಾನ್ ಹುಚ್ಚರಾಯಪ್ಪನವರು
ನಕ್ಷೆ ಮಡಚಿ ಜೇಬಿಗಿಟ್ಟು ಓಡಿದರು,
ಹದಿಮೂರರಲ್ಲಿ ಸೋತರು.
ಅವರ ಕಾಲು ಹೋಗಿ ನಿಂತದ್ದು
ಕೆಡವಿ ಹನ್ನೆರಡು ವರ್ಷವಾದ ಟಾಕೀಸಿನ ಟಿಕೆಟ್ ಕಿಟಕಿಗೆ.

ಆಮೇಲೆ ರುಮಾನಾಳ ಚೀಟಿ ಬಂತು. ಎಂಟನೇ ಕ್ಲಾಸು,
ನನ್ನ ಡ್ರಾಯಿಂಗ್ ತರಗತಿಯಲ್ಲಿ ಸದಾ ಕಿಟಕಿ ಪಕ್ಕ.
ಏಳರಿಂದ ಎಂಟಕ್ಕೆ ನಲವತ್ತು ಸೆಕೆಂಡು.
"ಗೇಟು ಹತ್ತಿದೆಯಾ?"
"ಇಲ್ಲ ಮಿಸ್. ತೆಗೆದಿತ್ತು."

ಹೋಗಿ ನೋಡಿದೆ. ತೆಗೆದೇ ಇತ್ತು.
ಹಾಲಿನವನ ಸೈಕಲ್ಲು ಆಗಲೇ ಅದರೊಳಗೆ ತೂರಿ ಹೋಗುತ್ತಿತ್ತು.
ಸ್ಟೂಲಿನ ಮೇಲೆ ಕೂತಿದ್ದ ಅಜ್ಜ ಅಂದ,
"ಮಕ್ಕಳು ಅಷ್ಟು ದೂರ ಸುತ್ತಿ ಏದುಸಿರು ಬಿಡ್ತಿದ್ರು,
ನೋಡಕ್ಕಾಗ್ಲಿಲ್ಲ ತಾಯಿ."
ಯಾವ ಕಡೆಯವನು ಅಂತ ನಾನು ಕೇಳಲಿಲ್ಲ.
ಸ್ಟೂಲು ನಡುವೆಯೇ ಇತ್ತು.

"ನೆಲ ಏನಾದರೂ ಹೇಳಲಿ, ನಕ್ಷೆಯೇ ಕಾನೂನು," ಅಂದರು ಇಗ್ನೇಷಿಯಸ್.
ನಿಯಮ ಅವರದೇ ಸರಿ.
ಫಲಿತಾಂಶದ ಹಾಳೆಯಲ್ಲಿ ಹದಿಮೂರು ಹೆಸರಿನ ಮೇಲೆ
ನಾನೇ ಅಡ್ಡಗೆರೆ ಹೊಡೆದೆ. ಸ್ಕೇಲ್ ಇಟ್ಟು.
ರುಮಾನಾ ಅಳಲಿಲ್ಲ. ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.
"ಹಾಗಾದ್ರೆ ತಪ್ಪು ಮಾಡಿದ್ದು ಇದಲ್ವಾ ಮಿಸ್?"

ಸಂಜೆ ಬಾವುಟ ಎಣಿಸಿದೆ: ಹದಿನೇಳು.
ಸೋಮವಾರ ಶಾಲೆಗೆ ಹೋಗುವಾಗ
ಆ ದಾರಿ ಅಲ್ಲದಿದ್ದರೂ ಆ ದಾರಿಯಲ್ಲೇ ಹೋದೆ.
ಬೀಗ ಬಿದ್ದಿತ್ತು.
ಕೆಳಗೆ, ಕಲ್ಲಿನ ಮೇಲೆ, ಎಣ್ಣೆಯ ಹೊಸ ಹನಿ.

ಎರಡನೆಯ ಆವೃತ್ತಿಗೆ ತಾರೀಖು ಹಾಕಿ ಇಟ್ಟಿದ್ದೇನೆ.
ಕೇರಿ, ಬಾವಿ, ಪಾವಟಿಗೆ ಎಲ್ಲ ಸರಿಯಾಗಿ ಬಂದಿವೆ.
ಆ ಒಂದು ಗೆರೆ
ಇನ್ನೂ ಪೆನ್ಸಿಲಿನಲ್ಲೇ ಇದೆ.