ಸೋಮಾರಿ ಕಡುಬು

ನಾಲ್ಕೂ ಮೂವತ್ತೈದು. ಕಿಟಕಿಯಾಚೆ ಆಗಲೇ ಕತ್ತಲು.
ವುಚ್ ನಗರದ ಡಿಸೆಂಬರಿನಲ್ಲಿ ಸಂಜೆಯೆಂಬುದೇ ಇಲ್ಲ,
ಮಧ್ಯಾಹ್ನವು ಎಡವಿ ನೇರ ರಾತ್ರಿಯೊಳಕ್ಕೆ ಬೀಳುತ್ತದೆ.
ಬೋಗ್ನಾ ಓಡಿಸುವ ಟ್ರಾಮು ಈಗ ಕಡೆಯ ತಿರುವಿನಲ್ಲಿರಬೇಕು.
ನನ್ನ ಗೋದಾಮಿನ ಬಸ್ಸು ಐದೂಮುಕ್ಕಾಲಿಗೆ.
ಅವಳು ಬರುವುದಕ್ಕೂ ನಾನು ಹೊರಡುವುದಕ್ಕೂ ನಡುವೆ
ಒಂದು ಬಾಣಲೆಯಷ್ಟು ಹೊತ್ತು.

"ಅಪ್ಪಾ, ಹಸಿವು." ಇದು ಕಾಲಿನಾ, ಮೂರು ವರ್ಷ,
ಒಂದೇ ಕಾಲಿಗೆ ಕಾಲುಚೀಲ.
"ಅವಳು ನನ್ನ ಬಿಸ್ಕತ್ತನ್ನೂ ತಿಂದಳು." ಇದು ಗ್ನೆವ್ಕೋ, ಆರು,
ಹುಟ್ಟಿದಾಗಿನಿಂದ ದೂರುದಾರ.

ಫ್ರಿಜ್ಜಿನಲ್ಲಿ ಮೊಸರು ಕಟ್ಟಿ ಹಿಂಡಿದಂಥ ಬಿಳಿ ಚೀಸು,
ನಾಳೆಗೆ ಅದರ ಆಯುಸ್ಸು ಮುಗಿಯುತ್ತದೆ.
ಮೊಟ್ಟೆ ಎರಡು, ಒಂದಕ್ಕೆ ಬಿರುಕು.
ಬಿರುಕು ಬಿಟ್ಟದ್ದೇ ಇವತ್ತಿಗೆ.

ಲೆನಿವೆ ಅನ್ನುತ್ತೇವೆ ಇದಕ್ಕೆ. ಅಂದರೆ ಸೋಮಾರಿ ಕಡುಬು.
ಹೂರಣವಿಲ್ಲ, ಮಡಿಕೆಯಿಲ್ಲ, ಅಂಚಿಗೆ ಜಡೆ ಹೆಣೆಯುವುದಿಲ್ಲ,
ಒಳಗಿರಬೇಕಾದದ್ದನ್ನೂ ಹೊರಗಿರಬೇಕಾದದ್ದನ್ನೂ
ಒಟ್ಟಿಗೇ ಕಲಸಿಬಿಡುವುದು.
ನಮ್ಮತ್ತೆ ಇದನ್ನು ಕಡುಬಿನ ಲೆಕ್ಕಕ್ಕೇ ಹಿಡಿಯುವುದಿಲ್ಲ.
ಬಾಯಿ ಮುಚ್ಚಿದ್ದರೆ ಮಾತ್ರ ಕಡುಬು, ಎನ್ನುತ್ತಾರೆ,
ತಾವು ಮುಚ್ಚದೆ.

ಹೋದ ವಾರ ಶಿಶುವಿಹಾರದಲ್ಲಿ ಟೀಚರ್ ಕೇಳಿದರಂತೆ:
ನಿಮ್ಮಪ್ಪ ಏನು ಮಾಡುತ್ತಾರೆ?
"ಸೋಮಾರಿ," ಅಂದಿದ್ದಾಳೆ ನನ್ನ ಮಗಳು.
ಆಮೇಲಿಂದ ಆಕೆ ನನಗೆ ನಮಸ್ಕಾರ ಹೇಳುವಾಗ
ತುಸು ಮರುಕ ಬೆರೆಸುತ್ತಾರೆ.

ಕೈ ಕೆಸರಾದರೆ ಬಾಯಿ ಮೊಸರಂತೆ.
ನಮ್ಮಲ್ಲಿ ಕೈಯೂ ಮೊಸರೇ, ಮೊಣಕೈಯೂ,
ಕುರ್ಚಿಯ ಬೆನ್ನೂ, ಕಾಲಿನಾಳ ಹುಬ್ಬೂ.
ಚೀಸು ಹಿಸುಕು, ಮೊಟ್ಟೆ ಒಡೆ, ಹಿಟ್ಟು ಉದುರಿಸು,
ಎಷ್ಟು ಹಿಟ್ಟು? ಕೈಗೆ ಅಂಟುವುದು ನಿಲ್ಲುವವರೆಗೆ;
ಮಕ್ಕಳಿದ್ದ ಮನೆಯಲ್ಲಿ ಅದು ನಿಲ್ಲುವುದೇ ಇಲ್ಲ,
ಒಂದು ಹಂತದಲ್ಲಿ ಸಾಕು ಅಂದುಕೊಳ್ಳಬೇಕು, ಅಷ್ಟೆ.
ಹಗ್ಗದಂತೆ ಹೊಸೆದು ಓರೆಯಾಗಿ ಕತ್ತರಿಸಿ
ಚಾಕುವಿನ ಬೆನ್ನಿನಿಂದ ಒಂದೊಂದಕ್ಕೂ ಒಂದು ಗೆರೆ.
ಗ್ನೆವ್ಕೋ ಟ್ರಾಮು ಮಾಡಿದ್ದಾನೆ. ಚಕ್ರಗಳೂ ಇವೆ.
ಬೇಯುವುದಿಲ್ಲ ಕಣೋ, ದಪ್ಪ.
"ಅಮ್ಮನದು, ಬೇಯುತ್ತೆ."

ಕುದಿನೀರಿಗೆ ಬಿಟ್ಟರೆ ಎಲ್ಲವೂ ತಳ ಸೇರಿದವು.
ಮೂವರೂ ಇಣುಕಿದೆವು, ನನ್ನ ಕನ್ನಡಕಕ್ಕೆ ಹಬೆ.
ಆಮೇಲೆ ಒಂದು, ಆಮೇಲೆ ನಾಲ್ಕು, ಆಮೇಲೆ ಗುಂಪು.
"ಈಜು ಬರುತ್ತಾ ಅವಕ್ಕೆ?"
ಇಲ್ಲ, ಬೆಂದರೆ ಮೇಲೆ ಬರುತ್ತವೆ.
"ನೀನು ಬೆಂದಿದೀಯಾ ಅಪ್ಪಾ?"

ಬೆಣ್ಣೆಯಲ್ಲಿ ಒಣ ಬ್ರೆಡ್ಡಿನ ಪುಡಿ ಕೆಂಪಾಗುತ್ತಿತ್ತು.
ಅದನ್ನು ನೋಡಿಕೊಂಡೆ. ಅದಕ್ಕೆ ಕಣ್ಣು ಬೇಕು,
ಅರೆಗಳಿಗೆ ತಪ್ಪಿದರೂ ಕಪ್ಪು.

ಬೋಗ್ನಾ ಬಂದಳು, ಕೋಟು ಬಿಚ್ಚದೆ, ಶೂ ಕಳಚದೆ,
ಬಾಣಲೆಯಿಂದಲೇ ನಿಂತು ತಿಂದಳು.
ಗ್ಯಾಸಿನ ಬಿಲ್ಲು. ಇವಳ ಕೆಮ್ಮು. ದಾಲ್ಚಿನ್ನಿ ಮುಗಿದಿದೆಯಾ?
ಸಕ್ಕರೆ ಇದೆ. ನಿನ್ನ ಬೆನ್ನು? ಇದೆ.
ಟ್ರಾಮಿನ ನಡುಭಾಗ ಹಿಟ್ಟು ಹಿಟ್ಟು,
ಅವಳು ಪೂರ್ತಿ ನುಂಗಿದಳು, ಚಕ್ರ ಸಮೇತ.
"ಸರಿಯಾದ ಹೊತ್ತಿಗೆ ಬಂತು," ಎಂದಳು ಮಗನಿಗೆ,
ಅವನು ಮೊದಲ ಸಲ ದೂರಲಿಲ್ಲ.

ಬಸ್ ನಿಲ್ದಾಣದಲ್ಲಿ ಸೊನ್ನೆಗಿಂತ ಆರು ಕೆಳಗೆ.
ಬಲಗೈಗೆ ಗವಸು ತೊಟ್ಟೆ. ಎಡಗವಸಿನೊಳಗೆ
ಏನೋ ಮೆತ್ತಗೆ, ಇನ್ನೂ ಉಗುರುಬೆಚ್ಚಗೆ,
ಬೆಣ್ಣೆ ಸಕ್ಕರೆ ಮೆತ್ತಿಕೊಂಡು ಹೆಬ್ಬೆರಳ ಮನೆಯಲ್ಲಿ ಕೂತಿದೆ.
ಯಾರ ಕೆಲಸವೆಂದು ಕೇಳಬೇಕಾಗಿಯೇ ಇಲ್ಲ,
ಒಂಟಿ ಕಾಲುಚೀಲದವಳದು.

ಉಣ್ಣೆಯ ಎಳೆಗಳನ್ನು ಕಿತ್ತು ಕಿತ್ತು ತಿಂದೆ.
ರಾತ್ರಿಯಿಡೀ, ಬೇರೆಯವರ ಪೆಟ್ಟಿಗೆಗಳ ಮೇಲೆ,
ನನ್ನ ಎಡಗೈ ಅಂಟುತ್ತಲೇ ಇತ್ತು.