ಮೂವತ್ತೊಂದನೆಯ ಬಾಗಿಲು

ದೂರಿ ಅಂತ ಅವನ ಹೆಸರು. ಯಾರನ್ನೂ ದೂರಿದವನಲ್ಲ.
ಎಂಗಡೀನ್ ಕಣಿವೆಯ ಒಂದು ನೆಲಮಾಳಿಗೆಯಲ್ಲಿ ನಲವತ್ತು ಚಳಿಗಾಲ
ಇಸ್ತ್ರಿ ಕಾಯಿಸಿ, ಮೇಣ ಕರಗಿಸಿ,
ಸ್ಕೀಗಳ ಹೊಟ್ಟೆಗೆ ಹಚ್ಚಿ, ಕೆರೆದು, ಮತ್ತೆ ಹಚ್ಚಿ,
ಕೂಸಿಗೆ ಎಣ್ಣೆ ನೀವುವ ಹಾಗೆ
ಬರಿಯ ಅಂಗೈಯಲ್ಲೇ ನೀವಿದವನು.

ಈ ಸಲ ಕಾಗದ ಬಂತು: ಆ ಬಿಳಿಯ ಪುಡಿ ಇನ್ನು ಕೂಡದು.
ತೊರೆಗೆ ವಿಷ, ಮೀನಿಗೆ ವಿಷ,
ಹಚ್ಚುವವನ ರಕ್ತದಲ್ಲೂ ಕೂತುಬಿಡುತ್ತದಂತೆ.
ಯಂತ್ರ ಹಿಡಿದು ತಪಾಸಣೆ, ಕೆಂಪು ದೀಪ ಹತ್ತಿದರೆ ಮನೆಗೆ.
‘ನನ್ನ ಕೈಗೆ ಹಿಡಿದರೂ ಹತ್ತೀತು,’ ಅಂದ ದೂರಿ. ನಕ್ಕ.
ನಾನೂ ನಕ್ಕೆ.
ಆಮೇಲೆ ಇಬ್ಬರೂ ಸುಮ್ಮನೆ ಇಸ್ತ್ರಿಯನ್ನೇ ನೋಡಿದೆವು.

ನಿಯಮಗಳು ನಮ್ಮೂರಲ್ಲಿ ಹಿಮಕ್ಕಿಂತ ಮೊದಲೇ ಬೀಳುತ್ತವೆ,
ಈಚೀಚೆಗೆ ಹಿಮಕ್ಕಿಂತ ದಟ್ಟವಾಗಿ.
ಮೊಣಕಾಲು ಉಳಿಯಲಿ ಅಂತ
ಒಂದು ವರ್ಷ ಸ್ಕೀಯನ್ನು ಉದ್ದ ಮಾಡಿದರು;
ಹುಡುಗರು ಸೊಂಟ ಹಿಡಿದುಕೊಂಡು ಬಂದರು, ಮತ್ತೆ ಗಿಡ್ಡವಾಯಿತು.
ಅಂಗಿಯೊಳಗೆ ಗಾಳಿ ಎಷ್ಟು ನುಗ್ಗಬೇಕೆಂದು ಲೀಟರಿನಲ್ಲಿ ಅಳೆದು
ಸೀಲು ಒತ್ತಿದರು, ಅಂಚೆಚೀಲಕ್ಕೆ ಒತ್ತಿದ ಹಾಗೆ.
ಅಲುಗು ಸೀಳದ ಒಳಉಡುಪು, ಬಿದ್ದರೆ ಉಬ್ಬುವ ಗಾಳಿಚೀಲ ಬೆನ್ನಿಗೆ.
ಇವಕ್ಕೆ ಯಾರೂ ಗೊಣಗಲಿಲ್ಲ.
ಬಿದ್ದವರ ಮನೆಗಳು ನಮಗೆ ಗೊತ್ತು.

ನವೆಂಬರಿನ ಮಳೆ ಎರಡು ರೇಸು ತಿಂದಿತು,
ಡಿಸೆಂಬರಿನ ಗಾಳಿ ಒಂದು.
ಜನವರಿಯಲ್ಲಿ ನಮ್ಮ ಸರದಿ:
ಕಂದು ಹುಲ್ಲಿನ ನಡುವೆ, ಫಿರಂಗಿಗಳು ರಾತ್ರಿಯೆಲ್ಲ ಉಗುಳಿ
ಬೆಟ್ಟಕ್ಕೆ ಹಾಕಿದ ಉದ್ದನೆಯ ಬಿಳಿ ನಾಮ.

ನನ್ನ ಕೆಲಸ ಸಣ್ಣದು.
ಇಪ್ಪತ್ತೊಂಬತ್ತರಿಂದ ಮೂವತ್ತಮೂರು, ಐದು ಬಾಗಿಲ ಕಾವಲು.
ಕೊರಳಲ್ಲಿ ಕಾರ್ಡು, ದಾರಕ್ಕೆ ಕಟ್ಟಿದ ಪೆನ್ಸಿಲು
(ಶಾಯಿ ಇಲ್ಲಿ ಹೆಪ್ಪುಗಟ್ಟುತ್ತದೆ).
ಗೋಡೆಯಿಲ್ಲದ ಬಾಗಿಲು: ಎರಡು ಬಾವುಟ, ನಡುವೆ ಬರೀ ಗಾಳಿ.
ಎರಡೂ ಸ್ಕೀಯ ಮೂತಿ, ಎರಡೂ ಪಾದ
ಆ ಕಾಣದ ಹೊಸ್ತಿಲು ದಾಟಬೇಕು.
ನಾನು ಲಂಗದ ಹುಡುಗಿಯಾಗಿದ್ದಾಗಿನಿಂದ
ಇದೊಂದು ಮಾತು ಯಾರೂ ತಿದ್ದಿಲ್ಲ.

ಮೆಂಜಾ. ಹತ್ತೊಂಬತ್ತು ವರ್ಷ. ಎದೆಯ ಮೇಲೆ ಐವತ್ತೇಳು.
ಸ್ಕೀ, ದೂರಿಯದು; ಮೇಣ, ಹೊಸದು.
ಮಂಜು ಆಗಷ್ಟೇ ಇಳಿದು ಕ್ಯಾಮೆರಾದ ಕಣ್ಣಿಗೆ ಪೊರೆ ಕಟ್ಟಿತ್ತು.
ಮೊದಲು ಶಬ್ದ ಬಂತು, ರೇಷ್ಮೆ ಹರಿದಂತೆ,
ಆಮೇಲೆ ಅವಳು.
ಮೂವತ್ತು ದಾಟಿದಳು.
ಮೂವತ್ತೊಂದರಲ್ಲಿ ಎಡಗಾಲಿನ ತುದಿ
ಕೋಲಿನ ಆಚೆಗೆ ಹೋಯಿತು.
ಒಂದು ಗೇಣು. ಇಲ್ಲ, ಗೇಣೂ ಇಲ್ಲ.
ಕೆಳಗೆ ಫಲಕದಲ್ಲಿ ಇಪ್ಪತ್ತೆಂಟು ಅಂತ ಬೆಳಗಿತು.
ಎರಡನೆಯ ಸುತ್ತಿಗೆ ಮೂವತ್ತು ಜನ.
ಹಸುವಿನ ಗಂಟೆ ಅಲ್ಲಾಡಿಸುತ್ತ ಊರಿಗೆ ಊರೇ ಕುಣಿಯಿತು.

ನೋಡಿದವಳು ನಾನೊಬ್ಬಳೇ.
ಹಿಮದ ಮೇಲಿನ ಗೆರೆ
ಮುಂದಿನವಳು ಬಂದು ಒರೆಸುವವರೆಗೆ ನಲವತ್ತು ಸೆಕೆಂಡು ಇತ್ತು.
ಅಷ್ಟರಲ್ಲಿ ಬರೆದೆ.
ತೀರ್ಪುಗಾರರು ‘ಚಿತ್ರ ಬಿಡಿಸಿ ತೋರಿಸಿ’ ಎಂದರು; ಬಿಡಿಸಿದೆ.
ಹೆಸರು ಅವನದು ದೂರಿ,
ದೂರು ಬರೆದವಳು ನಾನು.

ಸಂಜೆ ನೆಲಮಾಳಿಗೆಯ ಮೆಟ್ಟಿಲು ಇಳಿದೆ, ಇಳಿಯದೆ ಇರಲಾಗದೆ.
ಹಳೆಯ ಮೇಣದ ಡಬ್ಬಿಗಳನ್ನು
ಸತ್ತ ಬ್ಯಾಟರಿಗಳ ಜೊತೆ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ,
ಮಂಗಳವಾರದ ವಿಷದ ಗಾಡಿಗೆ.
‘ಓಡಿತಾ?’ ಅಂದ.
‘ಓಡಿತು.’
ಬೇರೇನೂ ಕೇಳಲಿಲ್ಲ.

ಮೆಂಜಾ ಬೂಟು ಕಳಚಿ,
ಇಸ್ತ್ರಿಯ ಬಿಸಿಗೆ ಬರಿಗಾಲು ಚಾಚಿ ಕೂತಿದ್ದಳು.
ಎಡಗಾಲಿನ ಹೆಬ್ಬೆರಳ ಉಗುರು ಕಪ್ಪು.
‘ಕಾರ್ಡು ಕೊಡಿ ಇಲ್ಲಿ.’
ನನ್ನಲ್ಲಿದ್ದ ನಕಲು ಕೊಟ್ಟೆ.
ಬಹಳ ಹೊತ್ತು ನೋಡಿದಳು,
ನನ್ನ ಕೊರಳಿನ ಪೆನ್ಸಿಲನ್ನೇ ಎಳೆದುಕೊಂಡಳು,
ನಾನು ಬಗ್ಗಬೇಕಾಯಿತು.
ನಾನು ಎಳೆದಿದ್ದ ಗೆರೆಯ ಪಕ್ಕ,
ಕೋಲಿನಿಂದ ಇನ್ನೂ ಅರ್ಧ ಗೇಣು ಆಚೆಗೆ,
ಇನ್ನೊಂದು ಗೆರೆ ಎಳೆದಳು.

ದೂರಿ ಇಸ್ತ್ರಿಯ ವಯರು ಕಿತ್ತ.