ಹೆಬ್ಬೆಟ್ಟಿನ ಜಾಗದಲ್ಲಿ

ವಿದಿನ್ ಸಂತೆಯಲ್ಲಿ ಚೌಕಾಸಿ ಮಾಡಿ ಕೊಂಡದ್ದು:
ಒಂದು ಶಿಲುಬೆ, ಎರಡು ಪದಕ,
ಮುಮ್ಮೂಲೆ ಮಡಿಕೆಯ ರಿಬ್ಬನ್ನಿಗೆ ಇನ್ನೂ ನುಸಿಗುಳಿಗೆಯ ವಾಸನೆ.
‘ಯಾರದೋ ತಾತ’ ಎಂದಳು ಮಾರಿದವಳು, ಚಿಲ್ಲರೆ ಎಣಿಸುತ್ತ.

ಪದಕಗಳು ಬಾಯಿ ಬಿಡಲಿಲ್ಲ.
ಶೌರ್ಯಕ್ಕೆ, ಅಷ್ಟೇ. ಯಾವ ಗುಡ್ಡ, ಯಾವ ಬೆಳಗು, ಕೇಳಬೇಡ.
ಡಬ್ಬಿಯ ತಳದ ಸೇವಾಪುಸ್ತಕದಲ್ಲಿ
ಇಲಿ ಬಿಟ್ಟದ್ದು ಸಂಖ್ಯೆಯೊಂದನ್ನೇ.

ಮೂರನೆಯ ಚಳಿಗಾಲಕ್ಕೆ, ತರ್ನೊವೊದ ದಫ್ತರಖಾನೆಯಲ್ಲಿ ಸಿಕ್ಕ:
ಝೆಲ್ಯಾಜ್ಕೊ ದ್ರಾಗ್ನೆವ್, ಎಮ್ಮೆ ಕಾಯುವವ.
ಓದುಬರಹ: ಇಲ್ಲ.
ಹೇಸರಗತ್ತೆ ಕಳೆದದ್ದಕ್ಕೆ ಐದು ದಿನ ಸೆರೆ;
ಆರನೆಯ ದಿನ ಅದು ತಾನೇ ಬಂತು.

ಸಂಬಳದ ಪಟ್ಟಿಯಲ್ಲಿ ತಿಂಗಳಿಗೊಂದು ಹೆಬ್ಬೆಟ್ಟು.
ಪಕ್ಕದಲ್ಲಿ ಸಾಕ್ಷಿ, ಮಿಂಚೊ ಗೆರ್ಗೊವ್, ಶಾಲಾಮೇಷ್ಟ್ರು.
ಹದಿನೇಳರ ಮೇ ತಿಂಗಳು
ಮೇಷ್ಟ್ರ ಹೆಸರಿನ ಮೇಲೆ ಕೆಂಪು ಗೆರೆ.
ಜೂನ್‌ನಲ್ಲಿ ಹೆಬ್ಬೆಟ್ಟಿಲ್ಲ. ಸಹಿ.
ಮೊದಲಕ್ಷರ ಅಂಗಾತ ಬಿದ್ದ ಜೀರುಂಡೆ,
ಆರೂ ಕಾಲು ಚಾಚಿ;
ಕೊನೆಯದಕ್ಕೆ ಮೇಷ್ಟ್ರು ಎಳೆಯುತ್ತಿದ್ದ ಅದೇ ಸುಳಿ.

ಕಂದಕದಲ್ಲಿ ಯಾವುದರ ಮೇಲೆ ತಿದ್ದಿಸಿದರೋ,
ಹಸಿಮಣ್ಣೋ, ಮದ್ದಿನ ಪೆಟ್ಟಿಗೆಯ ಮುಚ್ಚಳವೋ.
ಅದಕ್ಕೆ ಪದಕವಿಲ್ಲ.

ಗುಮಾಸ್ತೆ ಒಂದೊಂದೇ ದೀಪ ಆರಿಸುತ್ತಿದ್ದಳು.
ಮೇಜಿನ ಧೂಳಿನ ಮೇಲೆ ನಾನೂ
ಒಂದು ಜೀರುಂಡೆ ಬರೆದು ನೋಡಿದೆ.
ಆತುರಕ್ಕೆ ಕಾಲು ಐದೇ ಬಂತು.